ಕೋಳಿಮರಿ ಹೊತ್ತೊಯ್ದಿದ್ದು ನಿಮ್ಮ ಮಾವ ಬೈಯುತ್ತಿರುವ ಹದ್ದಲ್ಲ

ಪ್ರಶ್ನೆ: ನಮ್ಮದು ತಿಪಟೂರು ಹತ್ತಿರದ ಹಳ್ಳಿ. ಮನೆ ಹಿಂದೆಯೇ ತೆಂಗಿನ ತೋಟ. ನಾಟಿ ಕೋಳಿ ಸಾಕಿದ್ದೇನೆ. ಸಂಕ್ರಾಂತಿಯಿಂದ ಈಚೆಗೆ ಎರಡು ಹೇಟೆಗಳಿಂದ ಇಪ್ಪತ್ತೊಂದು ಮರಿ ಆದವು. ಈಗ ಮಾರ್ಚ್ ಮೊದಲ ವಾರ, ಹದಿಮೂರೇ ಉಳಿದಿವೆ. ದಿನಾ ಮೇಲೆ ಹದ್ದು ಸುತ್ತುತ್ತಿರುತ್ತದೆ. ನಮ್ಮ ಮಾವ ಅದಕ್ಕೆ ವಿಷ ಇಡುತ್ತೇನೆ ಅಂತ ಹಟ ಹಿಡಿದಿದ್ದಾರೆ. ಆದರೆ ನಾನು ಒಂದು ಸಲ ಕಣ್ಣಾರೆ ನೋಡಿದ್ದು ಬೇರೆ. ಪಾರಿವಾಳದಷ್ಟು ದೊಡ್ಡ ಹಕ್ಕಿ, ಬೂದು ಬೆನ್ನು, ಹಳದಿ ಕಾಲು. ಬೇಲಿ ದಾಟಿ ನೆಲಕ್ಕೆ ತಾಗುವ ಹಾಗೆ ಬಂತು, ಮರಿ ಎತ್ತಿಕೊಂಡು ಹೋಯಿತು. ಸದ್ದೇ ಇಲ್ಲ. ಅದು ಹದ್ದಿನ ಮರಿಯಾ? ಕೋಳಿ ಸಿಗದಿದ್ದರೆ ಇವು ಏನು ತಿನ್ನುತ್ತವೆ? ಇನ್ನೊಂದು, ಇದು ಮಗಳ ಪ್ರಶ್ನೆ: ಹದ್ದು 40 ವರ್ಷಕ್ಕೆ ಬೆಟ್ಟಕ್ಕೆ ಹೋಗಿ ಕೊಕ್ಕು ಒಡೆದುಕೊಂಡು ಮತ್ತೆ 30 ವರ್ಷ ಬದುಕುತ್ತದೆ ಅಂತ ವಾಟ್ಸಾಪಲ್ಲಿ ಬಂದಿದೆ. ನಿಜವಾ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಮಾವನವರ ಕೈಯಿಂದ ಆ ವಿಷದ ಪೊಟ್ಟಣ ಇಸಿದುಕೊಂಡು ಒಳಗಿಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಕಳ್ಳನ ಗುರುತನ್ನು ನೀವೇ ಬರೆದಿದ್ದೀರಿ. ಪಾರಿವಾಳದಷ್ಟು ಗಾತ್ರ, ಬೂದು ಬೆನ್ನು, ಹಳದಿ ಕಾಲು, ನೆಲಕ್ಕೆ ತಾಗುವ ಹಾರಾಟ. ಇಷ್ಟು ಸಾಕು. ಅದು ಶಿಕ್ರಾ. ನಮ್ಮ ತೋಟ, ಊರು, ಪೇಟೆ ಎಲ್ಲ ಕಡೆ ಇರುವ ಸಣ್ಣ ಗಿಡುಗ. ಮಾವನವರು ಮೇಲೆ ನೋಡಿ ಬೈಯುತ್ತಿರುವುದು ಹದ್ದನ್ನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಹಾಗಾಗಿದೆ.

ಅದು ಹದ್ದಿನ ಮರಿಯೂ ಅಲ್ಲ. ಈ ಪ್ರಶ್ನೆ ತುಂಬಾ ಜನ ಕೇಳುತ್ತಾರೆ. ಹಕ್ಕಿಗಳು ಕರುವಿನ ಥರ ಅಮ್ಮನ ಹಿಂದೆ ಓಡಾಡುತ್ತಾ ವರ್ಷಗಟ್ಟಲೆ ಬೆಳೆಯುವುದಿಲ್ಲ. ಹದ್ದಿನ ಮರಿ ಗೂಡು ಬಿಡುವ ಹೊತ್ತಿಗೇ ಹೆಚ್ಚುಕಮ್ಮಿ ಅಪ್ಪ ಅಮ್ಮನಷ್ಟು ದೊಡ್ಡದಾಗಿರುತ್ತದೆ. ಹಾರುತ್ತಿರುವ ಪುಟ್ಟ ಹದ್ದು ಅನ್ನುವುದೇ ಇಲ್ಲ. ಸಣ್ಣದು ಕಂಡರೆ ಅದು ಬೇರೆಯೇ ಜಾತಿ.

ನಾವು ಹದ್ದು, ಗಿಡುಗ, ಗರುಡ ಅನ್ನುವ ಮೂರು ಹೆಸರನ್ನು ಕಲಸಿಬಿಟ್ಟಿದ್ದೇವೆ. ಊರೂರಿಗೆ ಬೇರೆ ಬೇರೆ ಹೆಸರು ಬೇರೆ. ನಾನು ಹೆಸರಿಗಿಂತ ಬಾಲ ನೋಡಿ ಅನ್ನುತ್ತೇನೆ. ಮೇಲೆ ಸುತ್ತುತ್ತಿರುವ ಹಕ್ಕಿ ಮೈಯೆಲ್ಲ ಕಂದು ಬಣ್ಣ, ಬಾಲದ ತುದಿ ಮೀನಿನ ಬಾಲದ ಹಾಗೆ ಸ್ವಲ್ಪ ಸೀಳಿದ್ದರೆ ಅದು ಹದ್ದು. ತಿರುಗುವಾಗ ಬಾಲವನ್ನು ಚುಕ್ಕಾಣಿಯ ಹಾಗೆ ಓರೆ ಮಾಡುವುದು ಬರಿಗಣ್ಣಿಗೇ ಕಾಣುತ್ತದೆ. ತಲೆ, ಎದೆ ಬೆಳ್ಳಗೆ, ಉಳಿದ ಮೈ ಇಟ್ಟಿಗೆ ಬಣ್ಣ, ಬಾಲದ ತುದಿ ದುಂಡಗೆ ಇದ್ದರೆ ಅದು ಗರುಡ. ಅದೇ ನಮ್ಮಜ್ಜಿ ಕೈಮುಗಿಯುತ್ತಿದ್ದದ್ದು. ಅದಕ್ಕೆ ನೀರಿನ ನಂಟು ಜಾಸ್ತಿ. ಮಂಗಳೂರಿನ ದಕ್ಕೆಗೆ ಬೆಳಿಗ್ಗೆ ಹೋದರೆ ಮೀನಿನ ದೋಣಿಗಳ ಮೇಲೆ ಹಿಂಡು ಹಿಂಡಾಗಿ ಕಾಣುತ್ತವೆ. ಹಾವನ್ನೇ ತಿಂದು ಬದುಕುತ್ತದೆ ಅನ್ನುವುದು ಪುರಾಣದ ಗರುಡನ ಕಥೆ. ನಮ್ಮ ಗರುಡಕ್ಕೆ ಮೀನು, ಏಡಿ, ಸತ್ತದ್ದು, ಕೆಟ್ಟದ್ದು ಎಲ್ಲ ನಡೆಯುತ್ತದೆ.

ಹದ್ದಿನ ರೆಕ್ಕೆ ಬಿಚ್ಚಿದರೆ ಮುಕ್ಕಾಲು ಆಳುದ್ದ. ನೋಡಿದವರಿಗೆ ಭಯ ಆಗಬೇಕಾದ್ದೇ. ಆದರೆ ತೂಕ ಮುಕ್ಕಾಲು ಕಿಲೋ ಆಸುಪಾಸು. ಗಾಯಗೊಂಡ ಹದ್ದನ್ನು ಮೊದಲ ಸಲ ಎತ್ತಿಕೊಂಡಾಗ ನನಗೆ ಮೋಸ ಹೋದ ಹಾಗೆ ಅನಿಸಿತ್ತು. ಖಾಲಿ ಸೂಟ್‌ಕೇಸ್ ಎತ್ತಿದ ಹಾಗೆ ಕೈ ಸುಮ್ನೆ ಮೇಲೆ ಹೋಯಿತು. ಕಾಲೂ ಅಷ್ಟೇ. ದೊಡ್ಡ ಹಕ್ಕಿಗೆ ಸಣ್ಣ ಪಾದ. ಅದು ಕೊಲ್ಲುವುದಕ್ಕಿಂತ ಹೆಚ್ಚಾಗಿ ಎತ್ತಿಕೊಂಡು ಹೋಗುವುದಕ್ಕೆ ಮಾಡಿಸಿದ ಕಾಲು. ಹದ್ದು ಬೇಟೆಗಾರ ಅನ್ನುವುದಕ್ಕಿಂತ ಆಯ್ದು ತಿನ್ನುವವನು. ಮಾಂಸದಂಗಡಿಯ ಹಿಂದಿನ ತ್ಯಾಜ್ಯ, ರಸ್ತೆಯಲ್ಲಿ ಸತ್ತ ಇಲಿ, ಕೆರೆಯಲ್ಲಿ ತೇಲುವ ಮೀನು, ಮಳೆಗೆ ಎದ್ದ ಗೆದ್ದಲ ಹುಳು. ಸಣ್ಣ ತುಂಡು ಸಿಕ್ಕರೆ ಕೆಳಗಿಳಿಯುವ ತೊಂದರೆಯನ್ನೂ ತೆಗೆದುಕೊಳ್ಳುವುದಿಲ್ಲ. ಹಾರುತ್ತಲೇ ಕಾಲನ್ನು ಬಾಯಿಗೆ ತಂದು ತಿನ್ನುತ್ತದೆ. ಬೆಂಗಳೂರಲ್ಲಿ ಹದ್ದು ಅಷ್ಟೊಂದು ಯಾಕಿವೆ ಅಂದರೆ ನಮ್ಮ ಕಸದಿಂದ.

ಹದ್ದು ಕೋಳಿಮರಿ ಎತ್ತುವುದೇ ಇಲ್ಲ ಅಂತಲ್ಲ. ಬಯಲಲ್ಲಿ, ತಾಯಿಯಿಂದ ದೂರ ಇರುವ ಸಣ್ಣ ಮರಿ ಸಿಕ್ಕರೆ ಬಿಡುವುದಿಲ್ಲ. ಆದರೆ ಅದು ಬರುವ ರೀತಿ ಬೇರೆ. ಮೇಲಿಂದ ಇಳಿಯುತ್ತಾ ಬರುತ್ತದೆ, ನೆರಳು ಅಂಗಳದಲ್ಲಿ ಓಡುತ್ತದೆ, ಕಾಗೆಗಳು ಕಿರುಚುತ್ತವೆ. ಊರಿಗೆಲ್ಲ ಗೊತ್ತಾಗುತ್ತದೆ. ನಿಮ್ಮ ಕಳ್ಳ ಸದ್ದಿಲ್ಲದೆ ಬಂದು ಹೋಗಿದ್ದಾನೆ.

ಶಿಕ್ರಾ ಕೆಲಸ ಮಾಡುವುದನ್ನು ನಾನು ಅರಸೀಕೆರೆ ಕಡೆ ಗೆಳೆಯರೊಬ್ಬರ ತೋಟದಲ್ಲಿ ಹತ್ತಿರದಿಂದ ನೋಡಿದ್ದೇನೆ. ಬೆಳಿಗ್ಗೆ ಎಂಟೂವರೆ ಇರಬಹುದು. ಜಗಲಿ ಮೇಲೆ ಕಾಫಿ ಹಿಡಿದು ಕೂತಿದ್ದೆ. ಹೇಟೆ ಏಳೆಂಟು ಮರಿ ಕಟ್ಟಿಕೊಂಡು ತಿಪ್ಪೆ ಕೆದಕುತ್ತಿತ್ತು. ಮೊದಲು ಗೊತ್ತಾಗಿದ್ದು ಅಳಿಲಿಗೆ. ಚಿಕ್ ಚಿಕ್ ಅನ್ನುತ್ತಿದ್ದದ್ದು ಒಮ್ಮೆಲೇ ಬಾಯಿ ಮುಚ್ಚಿ ಕಾಂಡಕ್ಕೆ ಅಂಟಿಕೊಂಡಿತು. ಆಮೇಲೆ ಹೇಟೆ ಗಂಟಲಿಂದ ಒಂದು ಸದ್ದು ಹೊರಡಿಸಿತು. ನಾಯಿ ಬಂದಾಗ ಕೊಕ್ ಕೊಕ್ ಕೊಕ್ ಅಂತ ಊರೆಲ್ಲ ಒಂದು ಮಾಡುತ್ತದಲ್ಲ, ಅದಲ್ಲ. ಮೆಲ್ಲಗೆ, ಉದ್ದಕ್ಕೆ ಎಳೆದ ಒಂದೇ ಸ್ವರ. ಮರಿಗಳು ಓಡಲಿಲ್ಲ. ಇದ್ದಲ್ಲೇ ಚಪ್ಪಟೆ ಆದವು. ಒಂದು ಮಾತ್ರ ಎರಡು ಹೆಜ್ಜೆ ಓಡಿತು. ಹೊಂಗೆ ಮರದಿಂದ ಬೂದು ಬಣ್ಣದ ಒಂದು ಗೆರೆ ನೆಲದ ಮೇಲೆ ಜಾರಿದ ಹಾಗೆ ಬಂತು. ನಾನು ಲೋಟ ಕೆಳಗಿಡುವಷ್ಟರಲ್ಲಿ ಅದು ಬೇಲಿ ಆಚೆ ಇತ್ತು. ಓಡಿದ ಆ ಮರಿ ಇರಲಿಲ್ಲ.

ಕೋಳಿಯ ಈ ಎರಡು ಕೂಗಿನ ಬಗ್ಗೆ ವಿಜ್ಞಾನಿಗಳು ಚೆನ್ನಾಗಿ ಕೆಲಸ ಮಾಡಿದ್ದಾರೆ. ಆಕಾಶದ ಶತ್ರುವಿಗೆ ಒಂದು ಕೂಗು, ನೆಲದ ಶತ್ರುವಿಗೆ ಇನ್ನೊಂದು. ಮೊದಲನೆಯದನ್ನು ಧ್ವನಿಮುದ್ರಿಸಿ ಕೇಳಿಸಿದರೂ ಕೋಳಿಗಳು ಅಡಗಿಕೊಂಡು ಮೇಲೆ ನೋಡುತ್ತವೆ. ಎರಡನೆಯದಕ್ಕೆ ಕತ್ತೆತ್ತಿ ನಿಂತು ಸುತ್ತ ನೋಡುತ್ತವೆ. ನಿಮ್ಮ ಮನೆಯ ಹೇಟೆ ಯಾವ ಕೂಗು ಹಾಕುತ್ತದೆ ಅಂತ ಒಂದು ವಾರ ಕಿವಿಗೊಡಿ. ಕಳ್ಳ ಮೇಲಿನವನೋ ಕೆಳಗಿನವನೋ ಅಂತ ಅದೇ ಹೇಳುತ್ತದೆ. ಎಂಟು ಮರಿಯನ್ನೂ ಶಿಕ್ರಾದ ಲೆಕ್ಕಕ್ಕೇ ಬರೆಯಬೇಡಿ. ರಾತ್ರಿ ಕಾಣೆಯಾದ ಮರಿಗೂ ಅದಕ್ಕೂ ಸಂಬಂಧವಿಲ್ಲ. ಅದು ಹೆಗ್ಗಣವೋ, ಹಾವೋ, ಕಾಡುಬೆಕ್ಕೋ ಇರಬೇಕು. ಹಗಲಲ್ಲಿ ಮುಂಗುಸಿ, ಕಾಗೆ ಕೂಡ ಕೈಹಾಕುತ್ತವೆ. ಮರದ ಕೆಳಗೋ ಬೇಲಿ ಪಕ್ಕದಲ್ಲೋ ಪುಕ್ಕ ಕಿತ್ತು ಹರಡಿದ್ದರೆ ಮಾತ್ರ ಗಿಡುಗ ಅಂತ ಧೈರ್ಯವಾಗಿ ಹೇಳಬಹುದು.

ಇನ್ನೊಬ್ಬ ಬಡಪಾಯಿ ಇದ್ದಾನೆ. ಕೋಗಿಲೆ ಚಾಣ. ಬೇಸಿಗೆ ಶುರುವಾದರೆ ಹಗಲು ರಾತ್ರಿ ಸ್ವರ ಏರಿಸುತ್ತಾ ಏರಿಸುತ್ತಾ ಕೂಗಿ ತಲೆ ಚಿಟ್ಟು ಹಿಡಿಸುವ ಹಕ್ಕಿ. ನೋಡಲು ಥೇಟ್ ಶಿಕ್ರಾ. ಅದೇ ಬೂದು ಬೆನ್ನು, ಅದೇ ಪಟ್ಟೆ ಬಾಲ, ಹಾರುವ ಠೀವಿಯೂ ಅದೇ. ಅದು ಹರಟೆಮಲ್ಲನ ಗೂಡಲ್ಲಿ ಕದ್ದು ಮೊಟ್ಟೆ ಇಡುತ್ತದೆ. ಈ ವೇಷ ಕಂಡು ಸಣ್ಣ ಹಕ್ಕಿಗಳು ಗಾಬರಿಯಾಗುತ್ತವೆ. ತಿನ್ನುವುದು ಮಾತ್ರ ಹೆಚ್ಚಾಗಿ ಕಂಬಳಿಹುಳು. ಹತ್ತಿರದಿಂದ ಕೊಕ್ಕು ನೋಡಿ. ಶಿಕ್ರಾದ್ದು ಕೊಂಡಿಯ ಹಾಗೆ ಬಾಗಿರುತ್ತದೆ, ಇದರದ್ದು ಹೆಚ್ಚುಕಮ್ಮಿ ನೆಟ್ಟಗೆ. ಮಾವನವರಿಗೆ ಇದನ್ನೂ ಹೇಳಿಡಿ.

ಈಗ ಊಟದ ವಿಷಯ. ಇದನ್ನು ಲೆಕ್ಕ ಹಾಕಿಯೇ ನೋಡೋಣ. ಗಂಡು ಶಿಕ್ರಾ ತೂಗುವುದು ನೂರು ಗ್ರಾಂ ಚಿಲ್ಲರೆ. ಹೆಣ್ಣು ಇನ್ನೂರರ ಹತ್ತಿರ. ಹೌದು, ಹೆಣ್ಣೇ ದೊಡ್ಡದು. ಬೇಟೆ ಹಕ್ಕಿಗಳಲ್ಲಿ ಹೆಚ್ಚಿನವುಗಳ ಮನೆಯಲ್ಲಿ ಇದೇ ಪದ್ಧತಿ. ಇಂಥ ಸಣ್ಣ ಗಿಡುಗಕ್ಕೆ ದಿನಕ್ಕೆ ಸುಮಾರು 30–40 ಗ್ರಾಂ ಮಾಂಸ ಬೇಕು. ಅಂದರೆ ಮೊಟ್ಟೆಯೊಡೆದು ಒಂದೆರಡು ದಿನವಾದ ನಿಮ್ಮ ಕೋಳಿಮರಿ ಅದಕ್ಕೆ ಒಂದು ದಿನದ ಊಟ. ನೀವು ಸಂಕ್ರಾಂತಿಯಿಂದ ಮಾರ್ಚ್ ಮೊದಲ ವಾರದವರೆಗೆ ಎಂಟು ಮರಿ ಕಳೆದುಕೊಂಡಿದ್ದೀರಿ. ಸುಮಾರು ಐವತ್ತು ದಿನ. ಎಂಟನ್ನೂ ಅದೇ ತಿಂದಿತು ಅಂತಲೇ ಇಟ್ಟುಕೊಳ್ಳಿ. ಉಳಿದ ನಲವತ್ತೆರಡು ದಿನ ಅದು ಉಪವಾಸ ಇತ್ತಾ? ಅದೂ ಒಂದೇ ಹಕ್ಕಿ ಅಲ್ಲ, ಜೋಡಿ ಇರುತ್ತದೆ. ಆ ಅಷ್ಟೂ ದಿನ ಅವು ನಿಮ್ಮ ತೋಟದಲ್ಲೇ ಊಟ ಮಾಡಿವೆ. ನಿಮಗೆ ಗೊತ್ತಾಗಿಲ್ಲ, ಯಾಕೆಂದರೆ ನೀವು ಓತಿಕ್ಯಾತಗಳನ್ನು ಎಣಿಸಿಟ್ಟಿಲ್ಲ.

ಶಿಕ್ರಾದ ಊಟದಲ್ಲಿ ದೊಡ್ಡ ಪಾಲು ಓತಿಕ್ಯಾತ, ಹಲ್ಲಿ, ಇಲಿ, ಸುಂಡಿಲಿ, ಅಳಿಲು, ಸಣ್ಣ ಹಕ್ಕಿಗಳು, ಮಿಡತೆ. ಮಳೆಗಾಲದಲ್ಲಿ ಕಪ್ಪೆ. ಗೆದ್ದಲು ರೆಕ್ಕೆ ಬಿಟ್ಟು ಎದ್ದ ಸಂಜೆ ಅದನ್ನೂ ಗಾಳಿಯಲ್ಲೇ ಹಿಡಿಯುತ್ತದೆ. ಎಳನೀರು ಕಚ್ಚಿ ತೂತು ಮಾಡುವ ಇಲಿ ಬಗ್ಗೆ ತೆಂಗಿನ ತೋಟದವರಿಗೆ ನಾನು ಹೇಳಬೇಕಾದ್ದಿಲ್ಲ.

ತಿನ್ನುವ ಕ್ರಮವೂ ಚಂದ. ಚಂದ ಅಂದರೆ ಕೆಲವರಿಗೆ ಹೇಸಿಗೆ ಅನಿಸಬಹುದು. ಶಿಕ್ರಾ ಕೊಕ್ಕಿನಿಂದ ಕೊಲ್ಲುವುದಿಲ್ಲ, ಕಾಲಿನಿಂದ ಕೊಲ್ಲುತ್ತದೆ. ಹಿಂದಿನ ಉಗುರು ಮತ್ತು ಒಳಗಿನ ಉಗುರು ಎರಡೂ ಉಳಿದವಕ್ಕಿಂತ ದೊಡ್ಡವು. ಹಿಡಿದು ಹಿಸುಕುತ್ತದೆ, ಬಿಟ್ಟು ಮತ್ತೆ ಹಿಸುಕುತ್ತದೆ. ಒಮ್ಮೆ ಕೈಗವಸು ಇಲ್ಲದೆ ಹಿಡಿದು ನನ್ನ ಹೆಬ್ಬೆರಳಿಗೆ ಅದರ ಪರಿಚಯ ಆಗಿದೆ. ಬಿಡಿಸಲು ಎಳೆದಷ್ಟೂ ಬಿಗಿಯಾಗುತ್ತದೆ. ಕಾಲು ಮಡಿಸಿದಾಗ ಬೆರಳಿನ ನರ ತಾನೇ ಜಗ್ಗುವ ಏರ್ಪಾಡು. ಸುಮ್ನೆ ಕಾಲನ್ನು ನೀಟಾಗಿ ಚಾಚಿದರೆ ಹಿಡಿತ ಸಡಿಲ ಆಗುತ್ತದೆ. ನನಗೆ ಅದನ್ನು ಒಬ್ಬರು ಹೇಳಿಕೊಡುವ ಹೊತ್ತಿಗೆ ರಕ್ತ ಬಂದಾಗಿತ್ತು.

ಸಿಕ್ಕಿದ್ದನ್ನು ಮರೆಯಾದ ಕೊಂಬೆಗೆ ಒಯ್ದು ಮೊದಲು ಪುಕ್ಕ ಕೀಳುತ್ತದೆ. ಆಮೇಲೆ ತುಂಡು ತುಂಡಾಗಿ ತಿನ್ನುತ್ತದೆ. ಗಂಟಲ ಕೆಳಗಿನ ಚೀಲ ತುಂಬಿದರೆ ಎದೆ ಮುಂದೆ ನಿಂಬೆಹಣ್ಣಿನಷ್ಟು ಉಬ್ಬುತ್ತದೆ. ಹಾಗಿರುವಾಗ ಅದರ ಕಾಲ ಕೆಳಗೇ ಮರಿ ಓಡಾಡಿದರೂ ಎದ್ದು ಬರುವುದು ಕಷ್ಟ. ಹೊಟ್ಟೆ ತುಂಬಿದ ಗಿಡುಗ ಬೇಟೆಗಿಳಿಯುವುದಿಲ್ಲ. ಇದು ಹಳೇ ಕಾಲದ ಬೇಟೆಯವರಿಗೆ ಚೆನ್ನಾಗಿ ಗೊತ್ತಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ರಾಜರ ವಿನೋದಗಳನ್ನು ಬರೆಯುವಾಗ ಗಿಡುಗ ಬಿಟ್ಟು ಬೇಟೆಯಾಡುವುದನ್ನೂ ಸೇರಿಸಿದ್ದಾನೆ. ಉತ್ತರದ ಕಡೆ ಶಿಕ್ರಾವನ್ನು ಬಡವರ ಬೇಟೆ ಹಕ್ಕಿಯಾಗಿ ಪಳಗಿಸುತ್ತಿದ್ದರು. ಬೈರಿಯಂಥ ಹಕ್ಕಿ ರಾಜರಿಗೆ, ಸುಲಭವಾಗಿ ಸಿಗುವ, ಬೇಗ ಪಳಗುವ ಶಿಕ್ರಾ ಉಳಿದವರಿಗೆ. ಈಗ ಅದೆಲ್ಲ ಕಾನೂನಿಗೆ ವಿರುದ್ಧ.

ಹಾಗಾದರೆ ಸಂಕ್ರಾಂತಿಯಿಂದಲೇ ಯಾಕೆ ಶುರುವಾಯಿತು? ಅದು ಅವುಗಳ ಸಂಸಾರದ ಕಾಲ. ನಮ್ಮ ಕಡೆ ಶಿಕ್ರಾ, ಹದ್ದು ಎರಡೂ ಗೂಡು ಕಟ್ಟುವುದು ಚಳಿಗಾಲದ ಕೊನೆಯಿಂದ ಬೇಸಿಗೆಯೊಳಗೆ. ಶಿಕ್ರಾದ ಗೂಡು ಕಾಗೆ ಗೂಡಿನ ಹಾಗೆ ಕಡ್ಡಿ ಒಟ್ಟಿದ್ದು. ಮೂರು ನಾಲ್ಕು ಮೊಟ್ಟೆ, ಹತ್ತಿರ ಹತ್ತಿರ ಮೂರು ವಾರ ಕಾವು. ಹೆಣ್ಣು ಗೂಡಲ್ಲಿ ಕೂತರೆ ಅದಕ್ಕೂ ಸೇರಿಸಿ ತರುವುದು ಗಂಡಿನ ಕೆಲಸ. ಮರಿ ಆದಮೇಲೆ ಮೂರು ನಾಲ್ಕು ಬಾಯಿ ಜಾಸ್ತಿ. ಆ ಹೊತ್ತಿಗೆ ಸರಿಯಾಗಿ ಬಯಲು ಅಂಗಳದಲ್ಲಿ ಹಳದಿ ಮರಿಗಳು ಓಡಾಡುತ್ತಿದ್ದರೆ ಬಿಡುತ್ತದಾ? ನಾವು ಕೋಳಿಯನ್ನು ಕೇಳಿ ಖಾರ ಅರೆಯುವುದಿಲ್ಲವಲ್ಲ, ಅದೂ ಹಾಗೆಯೇ.

ಇನ್ನು ಈ ಬೇಟೆಗಾರರ ಬಗ್ಗೆ ನಮಗೆ ಒಂದು ಉತ್ಪ್ರೇಕ್ಷೆ ಇದೆ. ಎರಗಿದರೆ ತಪ್ಪುವುದೇ ಇಲ್ಲ ಅಂತ. ಹೆಚ್ಚಿನ ಸಲ ಬರಿಗಾಲಲ್ಲೇ ವಾಪಸ್. ಕಣ್ಣು ಚೆನ್ನಾಗಿದೆ, ಒಪ್ಪೋಣ. ಗಿಡುಗದ ಒಂದೊಂದು ಕಣ್ಣಿನಲ್ಲೂ ತೀಕ್ಷ್ಣವಾಗಿ ಕಾಣುವ ಗುಳಿ ಎರಡೆರಡು, ನಮಗೆ ಒಂದೇ. ಆದರೆ ಮನುಷ್ಯನಿಗಿಂತ ಎಂಟು ಪಟ್ಟು ಅಂತ ಓಡಾಡುವ ಲೆಕ್ಕ ನಂಬಬೇಡಿ. ದೊಡ್ಡ ಗಿಡುಗಗಳಲ್ಲಿ ಅಳೆದು ನೋಡಿದಾಗ ಸಿಕ್ಕಿದ್ದು ಎರಡು ಪಟ್ಟು, ಅದಕ್ಕಿಂತ ಸ್ವಲ್ಪ ಜಾಸ್ತಿ. ಅದೇ ಬೇಕಾದಷ್ಟಾಯಿತು.

ಎಲ್ಲ ಗಿಡುಗಗಳ ಊಟ ಒಂದೇ ಅಲ್ಲ. ಮಲೆನಾಡಿನವರು ಇದನ್ನು ಓದುತ್ತಿದ್ದರೆ ಅವರ ಕೋಳಿ ಕಳ್ಳ ಬೇರೆ ಇರಬಹುದು. ಅಲ್ಲಿ ಜುಟ್ಟಿನ ದೊಡ್ಡ ಗಿಡುಗ ಒಂದಿದೆ. ಅದು ಮರಿಯನ್ನಲ್ಲ, ಬೆಳೆದ ಕೋಳಿಯನ್ನೇ ಹೊಡೆಯುತ್ತದೆ. ಅಲ್ಲಿನ ಕರಿ ಗಿಡುಗ ಕಾಡಿನ ನೆತ್ತಿ ಸವರುತ್ತಾ ನಿಧಾನಕ್ಕೆ ತೇಲುತ್ತದೆ, ಹಕ್ಕಿ ಗೂಡು ಹುಡುಕುತ್ತದೆ, ಕೆಲವೊಮ್ಮೆ ಗೂಡನ್ನೇ ಕಿತ್ತುಕೊಂಡು ಹೋಗಿ ಆರಾಮಾಗಿ ತಿನ್ನುತ್ತದೆ. ಜೇನುಗಿಡುಗ ಜೇನುಹುಟ್ಟಿಗೆ ಕೈಹಾಕುವ ಹಕ್ಕಿ. ಅದಕ್ಕೆ ಬೇಕಾದ್ದು ತುಪ್ಪಕ್ಕಿಂತ ಹುಟ್ಟಿನೊಳಗಿನ ಮರಿಹುಳು. ಮುಖದ ಗರಿಗಳು ಮೀನಿನ ಪೊರೆಯ ಹಾಗೆ ಒತ್ತೊತ್ತಾಗಿ ಇರುವುದರಿಂದ ಕುಟುಕು ಅಷ್ಟು ತಾಗುವುದಿಲ್ಲ. ಬಯಲುಸೀಮೆಯ ಹೊಲದಲ್ಲಿ ಕರೆಂಟ್ ತಂತಿ ಮೇಲೆ ಬಿಳಿ ಮೈ, ಕಪ್ಪು ಭುಜ, ಕೆಂಪು ಕಣ್ಣಿನ ಸಣ್ಣ ಹಕ್ಕಿ ಕೂತಿರುತ್ತದೆ. ಕಪ್ಪುರೆಕ್ಕೆಯ ಹದ್ದು ಅನ್ನುತ್ತಾರೆ. ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು ಕೆಳಗೆ ಬೀಳುತ್ತದೆ. ಅದರ ಊಟ ಬಹುಪಾಲು ಇಲಿ. ರಾಗಿ ಬೆಳೆಯುವವರು ಅದಕ್ಕೆ ಸಂಬಳ ಕೊಡಬೇಕು.

ಮಗಳ ಪ್ರಶ್ನೆಗೆ ಬರೋಣ. ಆ ಕಥೆ ಸುಳ್ಳು. ಪೂರ್ತಿ ಸುಳ್ಳು. ನನಗೆ ವರ್ಷಕ್ಕೆ ಹತ್ತು ಸಲವಾದರೂ ಯಾರಾದರೂ ಕಳಿಸುತ್ತಾರೆ, ಹಿನ್ನೆಲೆಯಲ್ಲಿ ಕೊಳಲು ಬೇರೆ. ಕಥೆಯ ಪ್ರಕಾರ ಹಕ್ಕಿ ಐದು ತಿಂಗಳು ಬೆಟ್ಟದ ಮೇಲೆ ಕೂತು, ಕೊಕ್ಕನ್ನು ಬಂಡೆಗೆ ಬಡಿದು ಉದುರಿಸಿ, ಹೊಸದು ಬರುವವರೆಗೆ ಕಾಯುತ್ತದೆ. ಐದು ತಿಂಗಳು ಏನು ತಿನ್ನುತ್ತದೆ? ಶಿಕ್ರಾ ಕೆಲವೇ ದಿನ ಊಟ ಬಿಟ್ಟರೆ ಸಾಯುತ್ತದೆ. ದೊಡ್ಡ ಗಿಡುಗವೂ ತಿಂಗಳುಗಟ್ಟಲೆ ಉಪವಾಸ ಬದುಕುವುದಿಲ್ಲ.

ಕೊಕ್ಕು ಅಂದರೆ ಒಳಗೆ ಮೂಳೆ, ಮೇಲೆ ನಮ್ಮ ಉಗುರಿನಂಥ ಹೊದಿಕೆ. ಹೊದಿಕೆ ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ, ಮೂಳೆ ಕಚ್ಚಿ ಎಳೆದು, ಕೊಂಬೆಗೆ ಉಜ್ಜಿ ಸವೆಯುತ್ತಲೂ ಇರುತ್ತದೆ. ಒಳಗಿನ ಮೂಳೆ ಮುರಿದರೆ ಮತ್ತೆ ಬರುವುದಿಲ್ಲ, ಹಕ್ಕಿ ಮುಗಿಯಿತು. ಪಂಜರದಲ್ಲಿಟ್ಟು ಮೆತ್ತನೆ ಮಾಂಸ ಮಾತ್ರ ಕೊಟ್ಟ ಹದ್ದಿನ ಕೊಕ್ಕು ನಿಜವಾಗಿಯೂ ಉದ್ದಕ್ಕೆ ಬೆಳೆದುಬಿಡುತ್ತದೆ. ಅಂಥದ್ದಕ್ಕೆ ಒಬ್ಬರು ಟವಲ್ ಸುತ್ತಿ ಹಿಡಿದು, ಇನ್ನೊಬ್ಬರು ಸಣ್ಣ ಅರದಿಂದ ಉಜ್ಜಿ ಸರಿಮಾಡಬೇಕು. ಉಗುರು ಸುಟ್ಟ ವಾಸನೆ ಬರುತ್ತದೆ. ಅಷ್ಟೇ ಅದರ ಪುನರ್ಜನ್ಮ. ಎಪ್ಪತ್ತು ವರ್ಷದ ಆಯಸ್ಸೂ ಇಲ್ಲ. ಅಮೆರಿಕದ ಬಿಳಿತಲೆಯ ದೊಡ್ಡ ಗಿಡುಗಕ್ಕೆ ಕಾಲುಂಗುರ ಹಾಕಿ ಬಿಟ್ಟು ನೋಡಿದಾಗ ಕಾಡಿನಲ್ಲಿ ದಾಖಲಾದ ಅತಿ ಹೆಚ್ಚು ವಯಸ್ಸು 38. ಅದೂ ವಯಸ್ಸಾಗಿ ಸತ್ತಿದ್ದಲ್ಲ, 2015ರಲ್ಲಿ ರಸ್ತೆಯಲ್ಲಿ ಗಾಡಿಗೆ ಸಿಕ್ಕಿ ಸತ್ತಿತು.

ಹದ್ದಿನ ನಿಜವಾದ ಕಥೆ ಬೇಕೆಂದರೆ ಮಗಳಿಗೆ ಇದನ್ನು ಹೇಳಿ. ಸ್ಪೇನಿನ ಹದ್ದುಗಳು ಗೂಡಿಗೆ ಬಿಳಿ ಪ್ಲಾಸ್ಟಿಕ್ ತುಂಡು ತಂದು ಅಲಂಕಾರ ಮಾಡುತ್ತವೆ. ನಮ್ಮ ಹದ್ದಿನ ಜಾತಿಯದ್ದೇ. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಿಕ್ಕಿದ್ದೇನೆಂದರೆ, ಗಟ್ಟಿಮುಟ್ಟಾದ, ಒಳ್ಳೆಯ ಜಾಗ ಹಿಡಿದ ಹದ್ದುಗಳ ಗೂಡಲ್ಲಿ ಪ್ಲಾಸ್ಟಿಕ್ ಜಾಸ್ತಿ. ಎಳೆಯವು, ಮುದಿಯವು ಇಡುವುದು ಕಡಿಮೆ. ಸಂಶೋಧಕರು ಸೋತ ಹಕ್ಕಿಯ ಗೂಡಿಗೆ ತಾವೇ ಪ್ಲಾಸ್ಟಿಕ್ ಹಾಕಿದರೆ ಪಕ್ಕದ ಹದ್ದುಗಳು ಬಂದು ಜಗಳ ತೆಗೆದವು. ಇಲ್ಲದ ಜೋರು ತೋರಿಸಿದರೆ ಹೊಡೆತ ಬೀಳುತ್ತದೆ.

ಈಗ ವಿಷದ ಮಾತು. ಸತ್ತ ಮರಿಗೆ ವಿಷ ಸವರಿ ಇಟ್ಟರೆ ಶಿಕ್ರಾ ಮುಟ್ಟುವುದು ಕಮ್ಮಿ, ಅದಕ್ಕೆ ಓಡುವ ಊಟವೇ ಇಷ್ಟ. ಮುಟ್ಟುವುದು ಹದ್ದು, ಕಾಗೆ, ಪಕ್ಕದ ಮನೆ ನಾಯಿ, ನಿಮ್ಮದೇ ಬೆಕ್ಕು. ಇಲಿಪಾಷಾಣವೂ ಹೀಗೆಯೇ. ವಿಷ ತಿಂದು ತೂರಾಡುವ ಇಲಿಯನ್ನು ಗೂಬೆ ಹಿಡಿಯುತ್ತದೆ, ಇಲಿಯ ಜೊತೆ ಗೂಬೆಯೂ ಹೋಗುತ್ತದೆ. ಬೇಕಂತಲೇ ಇಡದ ವಿಷ ಏನು ಮಾಡಿತು ಅಂತ ರಣಹದ್ದನ್ನು ಕೇಳಬೇಕು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಔಷಧಿ ಸತ್ತ ದನದ ಮೈಯಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟುಹೋಯಿತು. 1992ರಿಂದ 2007ರೊಳಗೆ ನಮ್ಮ ದೇಶದ ಬಿಳಿಬೆನ್ನಿನ ರಣಹದ್ದು ಸಾವಿರಕ್ಕೆ ಒಂದರಂತೆ ಉಳಿಯಿತು. ಕಾರಣ ಗೊತ್ತಾಗಿದ್ದೇ 2004ರಲ್ಲಿ. ದನಗಳಿಗೆ ಆ ಔಷಧಿ ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಮಾಡಿದರೂ ಅಲ್ಲಿ ಬಂಡೆ ಮೇಲೆ ಕಾಣುವುದು ಬೆರಳೆಣಿಕೆಯಷ್ಟು ಹಕ್ಕಿ. ಯಾರಿಗೂ ಕೊಲ್ಲುವ ಮನಸ್ಸಿಲ್ಲದೇ ಆದ ಕೆಲಸ ಅದು.

ಕಾನೂನೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಹದ್ದು, ಶಿಕ್ರಾ ಕೊಲ್ಲುವುದು, ಹಿಡಿಯುವುದು, ಗೂಡು ಕೀಳುವುದು ಎಲ್ಲವೂ ಅಪರಾಧ. ಮಾವನವರಿಗೆ ಈ ಮಾತು ನಿಮ್ಮಿಂದ ಬೇಡ, ನನ್ನ ಹೆಸರಲ್ಲೇ ಹೇಳಿಬಿಡಿ.

ಮರಿ ಉಳಿಸುವ ದಾರಿ ಸುಲಭವಿದೆ. ನಾಟಿ ಮರಿಗೆ ಅಪಾಯ ಮೊದಲ ಆರರಿಂದ ಎಂಟು ವಾರ ಮಾತ್ರ. ಆಮೇಲೆ ಮರಿಯ ತೂಕ ಶಿಕ್ರಾದ ತೂಕಕ್ಕಿಂತ ಜಾಸ್ತಿ ಆಗುತ್ತದೆ, ಎತ್ತಲಾಗುವುದಿಲ್ಲ. ಅಲ್ಲಿಯವರೆಗೆ ಮಂಕರಿ ಕವುಚಿ ಹಾಕುವ ಹಳೇ ಪದ್ಧತಿಯೇ ಸರಿ. ಎರಡು ಹೇಟೆಗೆ ಮಂಕರಿ ಸಾಲದು ಅಂದರೆ ಬಿದಿರು ಕಡ್ಡಿಗೆ ಜಾಲರಿ ಹೊಡೆದು ತಳ ಇಲ್ಲದ ಗೂಡು ಮಾಡಿಸಿ, ದಿನಕ್ಕೊಂದು ಕಡೆ ಎತ್ತಿಡಿ. ಬೀಳುವ ಗೊಬ್ಬರ ತೋಟಕ್ಕೆ. ಜಾಲರಿ ಕಣ್ಣು ಸಣ್ಣದಿರಲಿ. ಸಡಿಲವಾದ ಮೀನುಬಲೆ ಕಟ್ಟಬೇಡಿ, ಅದರಲ್ಲಿ ಹಕ್ಕಿ, ಹಾವು ಸಿಕ್ಕಿಕೊಂಡು ಒದ್ದಾಡುತ್ತವೆ.

ಕಾಳು ಹಾಕುವುದನ್ನು ನಡು ಅಂಗಳದಿಂದ ತಪ್ಪಿಸಿ.

ದಾಸವಾಳದ ಬುಡ, ಕರಿಬೇವಿನ ಗಿಡದ ಕೆಳಗೆ, ಅವರೆ ಚಪ್ಪರದ ಅಡಿ, ಎಲ್ಲಾದರೂ ಮೇಲೆ ಮರೆ ಇರುವ ಕಡೆ ಹಾಕಿ. ಶಿಕ್ರಾಕ್ಕೆ ನೆಲದ ಮಟ್ಟದಲ್ಲಿ ನೇರ ದಾರಿ ಬೇಕು. ಬೇಲಿ ಕಡೆಯಿಂದ ಅಂಗಳಕ್ಕೆ ಬರುವ ಆ ದಾರಿಗೆ ಅಡ್ಡ ಎರಡು ಮೂರು ಕಡೆ ಸೌದೆ ಒಟ್ಟಿದರೂ ಅರ್ಧ ಕೆಲಸ ಆದ ಹಾಗೆ. ಕೋಳಿ ಕೊಯ್ದಾಗ ಕರುಳು, ಪುಕ್ಕ ತಿಪ್ಪೆಗೆ ಎಸೆಯುತ್ತಿದ್ದರೆ ನಿಲ್ಲಿಸಿ, ಹೂತುಬಿಡಿ. ನಿಮ್ಮ ಮನೆ ಮೇಲೆ ಹದ್ದು ದಿನಾ ಸುತ್ತುವುದಕ್ಕೆ ಬಹುಶಃ ಅದೇ ಕಾರಣ.

ಹಳೇ ಸೀಡಿ ಕಟ್ಟುವುದು, ಬೆರ್ಚಪ್ಪ ನಿಲ್ಲಿಸುವುದು ನಾಲ್ಕು ದಿನದ ಉಪಾಯ. ಐದನೇ ದಿನ ಶಿಕ್ರಾ ಬೆರ್ಚಪ್ಪನ ತಲೆ ಮೇಲೇ ಕೂತಿರುವುದನ್ನು ನೋಡಿದ್ದೇನೆ. ಮರಿಗಳಿಗೆ ಗುಲಾಬಿ ಬಣ್ಣ ಹಚ್ಚುವವರೂ ಇದ್ದಾರೆ. ಹೊಸತರಲ್ಲಿ ಹಕ್ಕಿ ಅನುಮಾನ ಪಡಬಹುದು. ಒಂದು ಸಲ ತಿಂದು ನೋಡಿದರೆ ರುಚಿ ಅದೇ ಅಂತ ಗೊತ್ತಾಗುತ್ತದೆ.

ಒಬ್ಬ ಕಾವಲುಗಾರ ಮಾತ್ರ ಪುಕ್ಕಟೆ ಸಿಗುತ್ತಾನೆ. ಕಾಜಾಣ. ಕರ್ರಗೆ, ಸೀಳು ಬಾಲದ, ಮೈನಾಕ್ಕಿಂತ ತೆಳ್ಳಗಿನ ಹಕ್ಕಿ. ತನ್ನ ಗೂಡಿನ ಹತ್ತಿರ ಶಿಕ್ರಾ ಬರಲಿ, ಹದ್ದು ಬರಲಿ, ಬೆನ್ನ ಮೇಲೆ ಹತ್ತಿ ಕುಕ್ಕಿ ಅಟ್ಟುತ್ತದೆ. ಬೇರೆ ಹಕ್ಕಿಗಳು ಧೈರ್ಯಕ್ಕೆ ಅಂತಲೇ ಅದರ ಮರದ ಆಸುಪಾಸಿನಲ್ಲಿ ಗೂಡು ಮಾಡುತ್ತವೆ. ನಿಮ್ಮ ಅಂಗಳದ ಪಕ್ಕ ಕಾಜಾಣ ಕೂರುವ ಮರ ಯಾವುದು ಅಂತ ನೋಡಿ. ಆ ಮರದ ಕೊಂಬೆ ಈ ಬೇಸಿಗೆಯಲ್ಲಿ ಕಡಿಯಬೇಡಿ. ಮರಿ ಬಿಡುವುದಾದರೆ ಅದರ ಕೆಳಗೇ ಬಿಡಿ.

ಮಗಳಿಗೆ ಒಂದು ಕೆಲಸ ಕೊಡುತ್ತೇನೆ. ಶಿಕ್ರಾ ಟಿಟು ಟಿಟು ಅಂತ ಕೂಗುವ ಮರದ ಕೆಳಗೆ ಬೆಳಿಗ್ಗೆ ಹುಡುಕಲಿ. ಹೆಬ್ಬೆರಳಿನ ತುದಿಯಷ್ಟು ಬೂದು ಉಂಡೆ ಸಿಗಬಹುದು. ಹಿಕ್ಕೆ ಅಲ್ಲ ಅದು. ಅರಗದ ಕೂದಲು, ಪುಕ್ಕ, ಹುಳದ ರೆಕ್ಕೆಯನ್ನು ಹಕ್ಕಿ ಬಾಯಿಂದ ಉಗುಳಿದ್ದು. ಗೂಬೆಯ ಉಂಡೆಯಲ್ಲಿ ಇಲಿಯ ತಲೆಬುರುಡೆಯೇ ಸಿಗುತ್ತದೆ. ಗಿಡುಗದ ಹೊಟ್ಟೆಯ ಆಮ್ಲ ಇನ್ನೂ ಖಾರ, ಮೂಳೆ ಹೆಚ್ಚಿನಂಶ ಕರಗಿಹೋಗಿರುತ್ತದೆ. ಉಂಡೆಯನ್ನು ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ಕಡ್ಡಿಯಿಂದ ಬಿಡಿಸಿ, ಬಿಳಿ ಕಾಗದದ ಮೇಲೆ ಹರಡಲಿ. ಆಮೇಲೆ ಕೈಗೆ ಸೋಪು ಹಾಕಿ ತೊಳೆದುಕೊಳ್ಳಲಿ. ಹತ್ತು ಉಂಡೆಯಲ್ಲಿ ಎಷ್ಟರಲ್ಲಿ ಇಲಿ ಕೂದಲಿತ್ತು, ಎಷ್ಟರಲ್ಲಿ ಕೋಳಿಮರಿಯ ಹಳದಿ ತುಪ್ಪಟವಿತ್ತು ಅಂತ ಬರೆದು ಮಾವನವರಿಗೆ ಮೊದಲು ತೋರಿಸಿ, ಆಮೇಲೆ ನನಗೂ ಕಳಿಸಿ.